ಆ ಅಂಕದ ಹಿಂದಿನ ಪ್ರಶ್ನೆಪತ್ರಿಕೆ

ಪ್ರಿಯ ಮೇಷ್ಟ್ರೇ,

ನಿಮ್ಮ ಪತ್ರ ಕೈಸೇರಿತು. ಕಳೆದ ಸಂಚಿಕೆಯಲ್ಲಿ ನಾವು ಹಾಕಿದ್ದ ವಲಸೆ ನೀತಿಯ ಪಟ್ಟಿ ನಿಮಗೆ ಬೇಸರ ತರಿಸಿದೆ. ‘ಸ್ವೀಡನ್ನಿಗೆ 100ಕ್ಕೆ 86 ಅಂತ ಹಾಕಿದ್ದೀರಿ. ಕೊಟ್ಟವರು ಯಾರು? ಪ್ರಶ್ನೆಪತ್ರಿಕೆ ಎಲ್ಲಿ? ದೇಶ ಬಿಟ್ಟು ಹೋದವರ ಕಷ್ಟಕ್ಕೆ ಅಂಕ ಹಾಕೋಕಾಗುತ್ತಾ?’ ಎಂದು ಕೇಳಿದ್ದೀರಿ. ಸಂಶೋಧಕರು ಬರೆದದ್ದನ್ನು ಸಂಶೋಧಕರೇ ಓದಿಕೊಳ್ಳುತ್ತಾರೆ, ಅದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದೂ ಬರೆದಿದ್ದೀರಿ. ನಲವತ್ತು ವರ್ಷ ಲೆಕ್ಕ ಕಲಿಸಿದವರು ನೀವು. ಪ್ರಶ್ನೆಪತ್ರಿಕೆ ತೋರಿಸದೆ ಅಂಕ ತೋರಿಸಿದ್ದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ. ಕೊನೆಯ ಮಾತನ್ನು ಮಾತ್ರ ಒಪ್ಪಲಾರೆ.

ಮೊದಲು ಆ 86ರ ವಿಷಯ. ಅದು ‘ಮಿಪೆಕ್ಸ್’ ಎಂಬ ಸೂಚ್ಯಂಕದ 2020ರ ಅಂಕ. ಹೊರಗಿನಿಂದ ಬಂದು ನೆಲೆಸಿದವರಿಗೆ ಒಂದು ದೇಶದ ಕಾನೂನು ಎಷ್ಟು ಬಾಗಿಲು ತೆರೆಯುತ್ತದೆ ಎಂದು ಅದು ನೋಡುತ್ತದೆ. ಕೆಲಸ, ಓದು, ಆರೋಗ್ಯ, ಮನೆಯವರನ್ನು ಕರೆಸಿಕೊಳ್ಳುವುದು, ಪೌರತ್ವ ಹೀಗೆ ಒಟ್ಟು 8 ವಿಷಯ. ಆಯಾ ದೇಶದ ಕಾನೂನು ಬಲ್ಲವರು ಉತ್ತರ ತುಂಬುತ್ತಾರೆ. ಹೆಚ್ಚಿನ ಪ್ರಶ್ನೆಗಳಿಗೆ ಮೂರೇ ಅಂಕ: 100, 50, 0. ಪೌರತ್ವಕ್ಕೆ ಎಷ್ಟು ವರ್ಷ ಕಾಯಬೇಕು ಎನ್ನುವುದು ಅದರಲ್ಲೊಂದು ಪ್ರಶ್ನೆ. 5 ವರ್ಷ ಅಥವಾ ಅದಕ್ಕಿಂತ ಕಡಿಮೆ ಇದ್ದರೆ 100. 10 ವರ್ಷ ಮುಟ್ಟಿದರೆ 0. ನಡುವೆ ಎಲ್ಲಿದ್ದರೂ 50. ಅಂದರೆ 6 ವರ್ಷ ಕಾಯಿಸುವ ದೇಶಕ್ಕೂ 9 ವರ್ಷ ಕಾಯಿಸುವ ದೇಶಕ್ಕೂ ಒಂದೇ ಅಂಕ. ನಿಮಗೆ ಇದು ಒರಟು ಅನ್ನಿಸುತ್ತದೆ ಅಲ್ವಾ? ನನಗೂ ಅನ್ನಿಸುತ್ತದೆ.

ಆದರೆ ಇನ್ನೂ ದೊಡ್ಡ ಪ್ರಶ್ನೆ ಬೇರೆ ಇದೆ. ಬೇಗ ಪೌರತ್ವ ಕೊಟ್ಟವರಿಗೆ ಜಾಸ್ತಿ ಅಂಕ ಯಾಕೆ? ಚೆನ್ನಾಗಿ ಹೊಂದಿಕೊಂಡ ಮೇಲೆ ಬಹುಮಾನದ ಹಾಗೆ ಕೊಡಬೇಕು ಎನ್ನುವವರೂ ಇದ್ದಾರೆ. ಮೊದಲೇ ಕೊಟ್ಟರೆ ಹೊಂದಿಕೊಳ್ಳುವುದು ಸುಲಭ ಎನ್ನುವವರೂ ಇದ್ದಾರೆ. ಸುಮ್ನೆ ವಾದ ಮಾಡಿದರೆ ಇದು ಬಗೆಹರಿಯುವುದಿಲ್ಲ. ಪೌರತ್ವ ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿದರೂ ಸಾಲದು. ಸಿಕ್ಕವರು ಮೊದಲಿಂದಲೇ ಹೆಚ್ಚು ಓದಿದವರೋ, ಭಾಷೆ ಬಲ್ಲವರೋ ಆಗಿರಬಹುದು.

ಇಲ್ಲಿ ಸಂಶೋಧಕರು ಮಾಡಿದ ಕೆಲಸ ನನಗೆ ತುಂಬಾ ಇಷ್ಟ. ಸ್ವಿಟ್ಜರ್ಲೆಂಡಿನ ಕೆಲವು ಊರುಗಳಲ್ಲಿ ಒಂದು ಪದ್ಧತಿ ಇತ್ತು. ವಲಸೆ ಬಂದವರು ಪೌರತ್ವಕ್ಕೆ ಅರ್ಜಿ ಹಾಕಿದರೆ, ಊರಿನವರೇ ಗುಟ್ಟಾಗಿ ಓಟು ಹಾಕಿ ಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು. ಒಬ್ಬೊಬ್ಬ ಅರ್ಜಿದಾರರಿಗೂ ಓಟು! 2003ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಇದನ್ನು ನಿಲ್ಲಿಸಿತು. ಜೆನ್ಸ್ ಹೈನ್‌ಮುಲ್ಲರ್, ಡೊಮಿನಿಕ್ ಹಂಗಾರ್ಟ್ನರ್ ಮತ್ತು ಅವರ ಜೊತೆಗಾರರು ಆ ಹಳೆಯ ಓಟಿನ ದಾಖಲೆ ತೆಗೆದು ಕೂತರು. ಕೂದಲೆಳೆಯಲ್ಲಿ ಗೆದ್ದವರು ಒಂದು ಕಡೆ, ಕೂದಲೆಳೆಯಲ್ಲಿ ಸೋತವರು ಇನ್ನೊಂದು ಕಡೆ. ಎಲ್ಲ ರೀತಿಯಲ್ಲೂ ಇಬ್ಬರೂ ಹೆಚ್ಚುಕಡಿಮೆ ಒಂದೇ. ನಾಲ್ಕು ಓಟು ಆಚೀಚೆ ಆಗಿದ್ದರೆ ಹಣೆಬರಹವೇ ಬದಲಾಗುತ್ತಿತ್ತು. ಎಷ್ಟೋ ವರ್ಷದ ನಂತರ ಅವರನ್ನು ಹುಡುಕಿ ಮಾತಾಡಿಸಿದರು. ಇಲ್ಲಿನ ರಾಜಕೀಯ ಎಷ್ಟು ಗೊತ್ತು? ಯಾವುದಾದರೂ ಸಂಘದ ಸದಸ್ಯರಾ? ಓದುವುದು ಇಲ್ಲಿನ ಪತ್ರಿಕೆಯೋ, ಹುಟ್ಟಿದ ದೇಶದ್ದೋ? ಪತ್ರಿಕೆಯವನಾದ ನನಗೆ ಆ ಕೊನೆಯ ಪ್ರಶ್ನೆ ತಟ್ಟಿತು. ಮನುಷ್ಯ ಯಾವ ಊರಿನ ಸುದ್ದಿ ಓದುತ್ತಾನೋ, ಅವನ ಮನಸ್ಸು ಅಲ್ಲಿರುತ್ತದೆ. ಗೆದ್ದವರು ಅಲ್ಲಿನ ಸಮಾಜದಲ್ಲಿ ಹೆಚ್ಚು ಬೆರೆತಿದ್ದರು. ಮುಂದೆ ಆದಾಯದ ದಾಖಲೆ ನೋಡಿದಾಗ ಅವರ ಗಳಿಕೆಯೂ ಜಾಸ್ತಿ ಇತ್ತು. ಬೇಗ ಪೌರತ್ವ ಸಿಕ್ಕವರಿಗೂ ಹೆಚ್ಚು ಕಡೆಗಣನೆಗೆ ಒಳಗಾದ ಗುಂಪಿನವರಿಗೂ ಲಾಭ ಇನ್ನೂ ಹೆಚ್ಚು.

‘ಬೇಗ ಕೊಟ್ಟರೆ 100’ ಎಂಬ ನಿಯಮಕ್ಕೆ ಕಾಲೂರಲು ನೆಲ ಸಿಗುವುದು ಇಂಥ ಅಧ್ಯಯನದಿಂದ. ಇಲ್ಲದಿದ್ದರೆ ಅದು ಅಂಕ ಹಾಕಿದವರ ಅಭಿಪ್ರಾಯ, ಅಷ್ಟೇ.

ಇನ್ನೊಂದು ಕೆಲಸವನ್ನೂ ಹೇಳಬೇಕು. ದೇಶಗಳೆಲ್ಲ ಬಾಗಿಲು ಹಾಕಿಕೊಳ್ಳುತ್ತಿವೆ ಎಂದು ನಾವೆಲ್ಲ ನಂಬಿದ್ದೇವೆ. ಆಕ್ಸ್‌ಫರ್ಡ್‌ನಲ್ಲಿ ಹೈನ್ ಡಿ ಹಾಸ್ ಮತ್ತು ಅವರ ತಂಡ 45 ದೇಶಗಳಲ್ಲಿ 1945ರಿಂದ 2013ರವರೆಗೆ ಆದ 6,500ಕ್ಕೂ ಹೆಚ್ಚು ನೀತಿ ಬದಲಾವಣೆಗಳನ್ನು ಒಂದೊಂದಾಗಿ ಓದಿತು. ಪ್ರತಿಯೊಂದರ ಮುಂದೆ ಬಿಗಿಯಾಯಿತೋ, ಸಡಿಲವಾಯಿತೋ ಎಂದು ಗುರುತು ಹಾಕಿತು. ಒಟ್ಟಾರೆ ನೋಡಿದರೆ ಪ್ರವೇಶದ ನಿಯಮಗಳು ಸಡಿಲವಾಗಿದ್ದವು. ಗಡಿ ಕಾವಲು ಮತ್ತು ಹೊರಹಾಕುವ ನಿಯಮಗಳು ಬಿಗಿಯಾಗಿದ್ದವು. ಭಾಷಣ ಕೇಳಿ ಇದನ್ನು ಊಹಿಸಲು ಆಗುತ್ತಿರಲಿಲ್ಲ. ಆದರೆ ಈ ದತ್ತಾಂಶ ಅಳೆಯುವುದು ಬದಲಾವಣೆಯನ್ನು. ಯಾವ ದೇಶ ಹೆಚ್ಚು ಬಿಗಿ, ಯಾವುದು ಕಡಿಮೆ ಎಂದು ಹೋಲಿಸಲು ಇದು ಬರುವುದಿಲ್ಲ.

ಈಗ ಸರ್ಕಾರಗಳ ಮಾತು. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 10.7.2 ಎಂಬ ಸೂಚಕ ಇದೆ. ದೇಶದಲ್ಲಿ ಒಳ್ಳೆಯ ವಲಸೆ ನೀತಿ ಇದೆಯೇ ಎಂದು ನೋಡುವ 30 ಅಂಶಗಳು. ಉತ್ತರ ಕೊಡುವವರು ಆ ಸರ್ಕಾರಗಳೇ. ವಿದ್ಯಾರ್ಥಿಯೇ ತನ್ನ ಪೇಪರು ತಿದ್ದಿದ ಹಾಗೆ ಅಂತ ನೀವು ಹೇಳುತ್ತೀರಿ, ಗೊತ್ತು. ಅದರ ಪಕ್ಕದಲ್ಲೇ 10.7.3 ಇದೆ. ಅದು ದಾರಿಯಲ್ಲಿ ಸತ್ತವರ, ಕಾಣೆಯಾದವರ ಲೆಕ್ಕ. 2013ರ ಅಕ್ಟೋಬರಿನಲ್ಲಿ ಇಟಲಿಯ ಲ್ಯಾಂಪೆಡೂಸಾ ದ್ವೀಪದ ಹತ್ತಿರ ದೋಣಿ ಮುಳುಗಿ 360ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಅಂತರರಾಷ್ಟ್ರೀಯ ವಲಸೆ ಸಂಸ್ಥೆ ಈ ಲೆಕ್ಕ ಇಡಲು ಶುರುಮಾಡಿತು. ಜಗತ್ತಿನಾದ್ಯಂತ ಆ ಸಂಖ್ಯೆ ಮೊದಲ ಹತ್ತು ವರ್ಷದಲ್ಲೇ 63,000 ದಾಟಿತು. ‘ನಮ್ಮ ನೀತಿ ಸರಿಯಾಗಿದೆ’ ಎಂಬ ಉತ್ತರದ ಪಕ್ಕ ಈ ಸಂಖ್ಯೆ ಇಟ್ಟು ಓದಬೇಕು.

ಸಂಶೋಧನೆಯಿಂದ ಯಾರಿಗೂ ಏನೂ ಆಗುವುದಿಲ್ಲ ಎಂಬ ನಿಮ್ಮ ಕೊನೆಯ ಮಾತಿಗೆ ಉತ್ತರ ಅದೇ ಸಾಲಿನ 10.7.1 ಸೂಚಕದಲ್ಲಿದೆ. ಹೊರದೇಶದ ಕೆಲಸಕ್ಕಾಗಿ ಕಾರ್ಮಿಕ ಕೈಯಿಂದ ಕೊಟ್ಟ ಹಣ, ಅಲ್ಲಿ ಅವನ ಎಷ್ಟು ತಿಂಗಳ ದುಡಿಮೆಗೆ ಸಮ? ಇದನ್ನು ಸಚಿವಾಲಯದಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ವಿಶ್ವಬ್ಯಾಂಕ್ ಜೊತೆ ಸೇರಿ ಸಂಶೋಧಕರು ಕಾರ್ಮಿಕರನ್ನೇ ಕೂರಿಸಿಕೊಂಡು ಕೇಳಿದರು. ಪಾಸ್‌ಪೋರ್ಟಿಗೆ ಎಷ್ಟಾಯಿತು, ವೀಸಾಕ್ಕೆ ಎಷ್ಟು, ಮೆಡಿಕಲ್ಲಿಗೆ, ಟಿಕೆಟ್ಟಿಗೆ, ಏಜೆಂಟ್ ಕೈಗೆ ರಸೀದಿ ಇಲ್ಲದೆ ಕೊಟ್ಟದ್ದೆಷ್ಟು? ಮೊದಲ ತಿಂಗಳ ಸಂಬಳ ಎಷ್ಟು ಬಂತು? ಭಾಗಾಕಾರ ಮಾಡಿದರೆ ಉತ್ತರ. ಈ ಸೂಚಕವನ್ನು ಅಳೆಯುವ ವಿಧಾನ ಬೆಳೆದದ್ದು ಆ ಸಮೀಕ್ಷೆಗಳಿಂದ. ಬಾಂಗ್ಲಾದೇಶದ ಸರ್ಕಾರಿ ಅಂಕಿಅಂಶ ಇಲಾಖೆ ಅದೇ ಲೆಕ್ಕ ಹಾಕಿ 2020ರಲ್ಲಿ ವರದಿ ಕೊಟ್ಟಿತು. ಸರಾಸರಿ ಖರ್ಚು 4,16,789 ಟಾಕಾ. ತಿಂಗಳ ಗಳಿಕೆ 23,693 ಟಾಕಾ. 17.6 ತಿಂಗಳು! ಒಂದೂವರೆ ವರ್ಷ ದುಡಿದದ್ದೆಲ್ಲ ಹೋದ ಖರ್ಚಿಗೇ ಸರಿ. ಸರ್ಕಾರವೇ ತನ್ನ ಜನರ ಬಗ್ಗೆ ಹೀಗೆ ಬರೆದು ಪ್ರಕಟಿಸಿತಲ್ಲ ಮೇಷ್ಟ್ರೇ, ಇದು ಕಪಾಟಿನಲ್ಲಿ ಕೂತ ಸಂಶೋಧನೆಯೇ?

ಇದರಲ್ಲೂ ಒಂದು ಕೊರತೆ ಇದೆ. ಕೆಲಸ ಸಿಕ್ಕವರನ್ನು ಮಾತ್ರ ಈ ಲೆಕ್ಕ ಹಿಡಿಯುತ್ತದೆ. ಏಜೆಂಟನಿಗೆ ಹಣ ಕೊಟ್ಟು, ವಿಮಾನ ಹತ್ತಲಾಗದೆ ಉಳಿದವರು ಇದರೊಳಗೆ ಬರುವುದೇ ಇಲ್ಲ. ಅವರನ್ನು ಎಣಿಸುವ ಪ್ರಶ್ನೆಯನ್ನು ಯಾರಾದರೂ ಬರೆಯಬೇಕು.

ಮುಂದಿನ ಸಂಚಿಕೆಯಲ್ಲಿ ಮಿಪೆಕ್ಸ್‌ನ ಪೌರತ್ವ ಭಾಗದ ಪ್ರಶ್ನೆಗಳನ್ನು ಅಂಕಗಳ ಜೊತೆಗೇ ಹಾಕುತ್ತೇವೆ. ಕೆಂಪು ಪೆನ್ನು ಹಿಡಿದು ಓದಿ. ತಪ್ಪು ಕಂಡಲ್ಲಿ ಗುರುತು ಮಾಡಿ ಕಳಿಸಿ, ಅದನ್ನೂ ಅಚ್ಚು ಹಾಕುತ್ತೇವೆ.

— ಸಂಪಾದಕ