ಉಪ್ಪಿನ ಗಣಿಯೊಳಗೆ ಕೆತ್ತಿದ ಚರ್ಚು ಕರಗಿಹೋಗುವುದಿಲ್ಲವೇ?

ಗಾಳಿ ಒಣಗಿರುವವರೆಗೆ ಕರಗುವುದಿಲ್ಲ. ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿ ಹಿಡಿದಿಡಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಈಗಾಗಲೇ ತುಂಬಿದೆ ಎಂಬ ಲೆಕ್ಕ, ಸುಮಾರು 75% ದಾಟಿದಾಗ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗತೊಡಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ನೀರೊಡೆಯುವುದೂ ಇದರಿಂದಲೇ.

ಪೋಲೆಂಡಿನ ವ್ಯೆಲಿಚ್ಕಾ ಗಣಿಯಲ್ಲಿ, 101 ಮೀಟರ್ ಆಳದಲ್ಲಿ, ಸಂತ ಕಿಂಗಾ ಚರ್ಚು ಇದೆ. ಹೊರಗಿನ ತೇವದ ಗಾಳಿ, ಪ್ರವಾಸಿಗರ ಉಸಿರು ಇವೇ ಅದಕ್ಕೆ ಶತ್ರು. ಕೆತ್ತನೆಗಳು ಹಾಳಾಗತೊಡಗಿದ್ದರಿಂದ ಯುನೆಸ್ಕೊ 1989ರಲ್ಲಿ ಗಣಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ತೇವ ತೆಗೆಯುವ ಯಂತ್ರಗಳನ್ನು ಕೂರಿಸಿದ ಮೇಲೆ, 1998ರಲ್ಲಿ, ಕೈಬಿಟ್ಟಿತು. ಗಣಿ ಕೆಲಸಗಾರರೇ ಕೆತ್ತಿದ ಗೋಡೆಶಿಲ್ಪಗಳನ್ನೂ ಉಪ್ಪಿನ ಹರಳಿನ ತೂಗುದೀಪಗಳನ್ನೂ ಖಂಡಿತ ನೋಡಿ. ಬೇಸಿಗೆಯಲ್ಲೂ ಒಳಗೆ ತಂಪು, ಸ್ವೆಟರ್ ಇರಲಿ. ಶಿಲ್ಪಗಳನ್ನು ಮಾತ್ರ ಮುಟ್ಟಬೇಡಿ: ಕೈಬೆವರೂ ನೀರೇ.