ಹದಿಹರೆಯದ ಹುಡುಗಿಯರಿಗೆ ಕೆಲಸ ಕಲಿಸಿದರೆ ಸಾಕಾ, ಬದುಕಿನ ತಿಳಿವಳಿಕೆಯೂ ಬೇಕಾ?

ಎರಡೂ ಒಟ್ಟಿಗೆ ಬೇಕು ಅಂತಲೇ ನನಗನ್ನಿಸುತ್ತದೆ. ಉಗಾಂಡಾ ನೋಡಿ. ಬಾಂಗ್ಲಾದೇಶದಲ್ಲಿ ಹುಟ್ಟಿದ ಬ್ರಾಕ್ ಸಂಸ್ಥೆ 2008ರಲ್ಲಿ ಅಲ್ಲಿನ ಊರುಗಳಲ್ಲಿ ಹುಡುಗಿಯರ ಕ್ಲಬ್ ಶುರುಮಾಡಿತು. 14ರಿಂದ 20 ವರ್ಷದವರಿಗೆ. ಶಾಲೆ ಬಿಟ್ಟವರೂ ಬರಬಹುದಿತ್ತು. ಹೊಲಿಗೆ, ಕೇಶ ವಿನ್ಯಾಸದಂಥ ಕೆಲಸ ಒಂದು ಕಡೆ. ಮುಟ್ಟು, ಬಸಿರು, ಎಚ್‌ಐವಿ ಬಗ್ಗೆ ಮುಚ್ಚುಮರೆಯಿಲ್ಲದ ಮಾತು ಇನ್ನೊಂದು ಕಡೆ. ಜೊತೆಗೆ ಸುಮ್ನೆ ಕೂತು ಹರಟಲು, ಆಡಲು ಒಂದು ಜಾಗ. ಈ ಕೊನೆಯದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅಲ್ವಾ?

ನಾಲ್ಕು ವರ್ಷದ ನಂತರ ನೋಡಿದರೆ, ಕ್ಲಬ್ ಇದ್ದ ಕಡೆ ಹದಿಹರೆಯದ ಬಸಿರು ಸುಮಾರು ಮೂರನೇ ಒಂದು ಭಾಗ ಇಳಿದಿತ್ತು. ಬೇಗ ಮದುವೆಯಾಗುವುದೂ ಕಡಿಮೆಯಾಗಿತ್ತು. ಸ್ವಂತ ದುಡಿಮೆ ಮಾಡುವವರು ಹೆಚ್ಚಿದ್ದರು.

ಇದೇ ಮಾದರಿ ಟಾಂಜಾನಿಯಾದಲ್ಲಿ ಅಷ್ಟು ಫಲ ಕೊಡಲಿಲ್ಲ. ಅಲ್ಲಿ ಕ್ಲಬ್‌ಗಳಿಗೆ ಬೇಕಾದ ಅನುಕೂಲಗಳೇ ಸಾಲದಾಗಿದ್ದವು.

ಬಾಂಗ್ಲಾದೇಶದ ಇನ್ನೊಂದು ಪ್ರಯೋಗದ ಕಥೆಯೇ ಬೇರೆ. ಹುಡುಗಿಗೆ 18 ತುಂಬುವವರೆಗೆ ಮದುವೆ ಮಾಡದಿದ್ದರೆ ಆ ಮನೆಗೆ ನಾಲ್ಕು ತಿಂಗಳಿಗೊಮ್ಮೆ ಅಡುಗೆ ಎಣ್ಣೆ ಕೊಟ್ಟರು. ಬಾಲ್ಯವಿವಾಹ ಕಡಿಮೆಯಾಯಿತು. ಬರೀ ತಿಳಿವಳಿಕೆ ತರಗತಿ ನಡೆಸಿದ ಹಳ್ಳಿಗಳಲ್ಲಿ ಮದುವೆಯ ವಯಸ್ಸು ಕದಲಲಿಲ್ಲ. ಯಾಕೆಂದರೆ ಅಲ್ಲಿ ಹುಡುಗಿಯ ವಯಸ್ಸು ಏರಿದಂತೆ ವರದಕ್ಷಿಣೆಯೂ ಏರುತ್ತದೆ. ಆ ಒತ್ತಡ ಇರುವುದು ಹುಡುಗಿಯ ಮೇಲಲ್ಲ, ಅಪ್ಪ ಅಮ್ಮನ ಮೇಲೆ.