ಓಕ್ ಆಲಿ: ಮರಗಳು ಮೊದಲೋ, ಮನೆ ಮೊದಲೋ?

ಅಮೆರಿಕದ ಲೂಯಿಸಿಯಾನಾದ ಓಕ್ ಆಲಿ ಎಂಬ ಹಳೆಯ ತೋಟದ ಮನೆಗೆ ಹೊಂದುವಂತೆ ಆಮೇಲೆ ಓಕ್ ಮರಗಳನ್ನು ನೆಟ್ಟರೇ, ಸುತ್ತಲಿನ ಕಂಬಗಳು ಬರೀ ಶೋಭೆಗೋ ಎಂದು ಕೇಳಿದ್ದೀರಿ.

ಮರಗಳೇ ಮೊದಲು. ಎರಡು ಸಾಲಿನ 28 ಓಕ್‌ಗಳು 18ನೇ ಶತಮಾನದ ಆರಂಭದವು. ಕಬ್ಬಿನ ತೋಟದ ಒಡೆಯ ಜಾಕ್ ರೋಮನ್ ಈ ಮನೆಯನ್ನು ಕಟ್ಟಿಸಿದ್ದು 1837ರಿಂದ 1839ರ ನಡುವೆ, ಕಂಬಗಳೂ 28. ದೂರಕ್ಕೆ ಅಮೃತಶಿಲೆಯಂತೆ ಕಾಣುವ ಅವು ನಿಜಕ್ಕೂ ಗಾರೆ ಬಳಿದ ಇಟ್ಟಿಗೆ ಕಂಬಗಳು. ಶೋಭೆ ಇದ್ದೇ ಇದೆ, ಆದರೆ ಅವು ಹೊತ್ತಿರುವ ಚಾವಣಿ ನಾಲ್ಕೂ ಕಡೆಯ ಜಗಲಿಗೆ ನೆರಳು ಕೊಟ್ಟು, 16 ಅಂಗುಲ ದಪ್ಪದ ಗೋಡೆಗಳಿಗೆ ಬಿಸಿಲು ತಾಗದಂತೆ ತಡೆಯುತ್ತದೆ. ಎದುರುಬದುರಾದ ಬಾಗಿಲುಗಳ ಮೂಲಕ ಮಿಸಿಸಿಪ್ಪಿ ನದಿಯ ಗಾಳಿ ಹಾಯುತ್ತದೆ. ಆ ಸೆಕೆನಾಡಿನಲ್ಲಿ ಇದು ಜಾಣ ಕಟ್ಟೋಣ.

ಆ ಇಟ್ಟಿಗೆಗಳನ್ನು ಅಲ್ಲೇ ಮಾಡಿದವರು ಗುಲಾಮರು. ಈ ಮಾತು ಬಿಟ್ಟು ಮನೆಯ ಚೆಲುವನ್ನಷ್ಟೇ ಹೊಗಳಲು ನನಗೆ ಮನಸ್ಸಾಗುವುದಿಲ್ಲ. ಆ ತೋಟದ ಗುಲಾಮರಲ್ಲಿ ಆಂಟ್ವಾನ್ ಎಂಬ ತೋಟಗಾರನಿದ್ದ. 1846–47ರ ಚಳಿಗಾಲದಲ್ಲಿ ಅವನು ಆಕ್ರೋಟಿನಂಥ ಕಾಯಿ ಬಿಡುವ ಪೀಕನ್ ಮರಕ್ಕೆ ಕಸಿ ಕಟ್ಟಿ ಗೆದ್ದ. ಒಳ್ಳೆಯ ಮರದ ಎಳೆ ಕಡ್ಡಿಯನ್ನು ಇನ್ನೊಂದು ಮರಕ್ಕೆ ಕೂಡಿಸಿ ಚಿಗುರಿಸುವ ಈ ಕೆಲಸ ಪೀಕನ್‌ನಲ್ಲಿ ಬಲು ಕಷ್ಟ. ಆ ತಳಿಯ ಕಾಯಿಗಳಿಗೆ 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಬಹುಮಾನ ಬಂತು. ತೋಟದ ದಾಖಲೆಯಲ್ಲಿ ಮಾತ್ರ ಅವನ ಹೆಸರಿನ ಮುಂದೆ ಬೆಲೆ ಬರೆದಿದ್ದಾರೆ: 1,000 ಡಾಲರ್.

ಹೋದರೆ ಓಕ್ ಸಾಲಿನ ಫೋಟೊ ತೆಗೆದು ಹಿಂತಿರುಗಬೇಡಿ. ಮನೆಯ ಹಿಂದೆ ಗುಲಾಮರ ಗುಡಿಸಲುಗಳನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ, ಗೋಡೆಯ ಮೇಲೆ ಅವರ ಹೆಸರುಗಳಿವೆ. ನಿಂತು ಓದಿ.